ಮೂಲೆ 90 ಡಿಗ್ರಿ ಇಲ್ಲದಾಗ

(ಪಿಯುಸಿ ಮತ್ತು ಸಿವಿಲ್ ಡಿಪ್ಲೊಮಾ ಓದುತ್ತಿರುವ ಮಕ್ಕಳು, ಅವರ ಮೇಷ್ಟ್ರುಗಳು ಮತ್ತು ಊರಿನ ಕೆಲವು ಆಸಕ್ತರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಬೋರ್ಡಿನ ಮೇಲೆ ಬರೆದ ಚಿತ್ರಗಳನ್ನು ಇಲ್ಲಿ ಮಾತಿನಲ್ಲಿ ಹೇಳಿದ್ದೇನೆ. ಓದುವಾಗ ಪಕ್ಕದಲ್ಲಿ ಒಂದು ಹಾಳೆ, ಪೆನ್ಸಿಲ್ ಇಟ್ಟುಕೊಂಡರೆ ಒಳ್ಳೆಯದು.)

ಎಲ್ಲರಿಗೂ ನಮಸ್ಕಾರ.

ಮನೆ ಕಟ್ಟುವ ಜಾಗದಲ್ಲಿ ಪಾಯಕ್ಕೆ ಮಾರ್ಕಿಂಗ್ ಮಾಡುವುದನ್ನು ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಮೇಸ್ತ್ರಿ ಮೂಲೆಯಲ್ಲಿ ಒಂದು ಗೂಟ ಹೊಡೆಯುತ್ತಾರೆ. ಅಲ್ಲಿಂದ ಎರಡು ಕಡೆಗೆ ದಾರ ಎಳೆಯುತ್ತಾರೆ. ಒಂದು ದಾರದ ಮೇಲೆ 6 ಅಡಿಗೆ ಗುರುತು, ಇನ್ನೊಂದರ ಮೇಲೆ 8 ಅಡಿಗೆ ಗುರುತು. ಆಮೇಲೆ ಆ ಎರಡು ಗುರುತುಗಳ ನಡುವೆ ಟೇಪು ಹಿಡಿಯುತ್ತಾರೆ. ಸರಿಯಾಗಿ 10 ಅಡಿ ಬಂದರೆ ಮೂಲೆ ಸರಿ ಇದೆ. ಬರದಿದ್ದರೆ ಒಂದು ದಾರವನ್ನು ಸ್ವಲ್ಪ ಸರಿಸಿ ಮತ್ತೆ ಅಳೆಯುತ್ತಾರೆ.

ಇದರ ಹಿಂದಿರುವುದು ಪೈಥಾಗೊರಸ್ ಪ್ರಮೇಯ. 36 ಮತ್ತು 64 ಸೇರಿದರೆ 100. ಎಲ್ಲರಿಗೂ ಗೊತ್ತು.

ಈಗ ಟೇಪಿನಲ್ಲಿ 10 ಅಡಿ 3 ಇಂಚು ಬಂತು ಅಂದುಕೊಳ್ಳಿ. ಮೂಲೆ ತಪ್ಪಿದೆ ಅಂತ ಗೊತ್ತಾಯಿತು. ಆದರೆ ಎಷ್ಟು ತಪ್ಪಿದೆ? ಒಂದು ಡಿಗ್ರಿಯೋ, ಐದು ಡಿಗ್ರಿಯೋ? ಈ ಗೋಡೆಯನ್ನು ಹೀಗೇ 40 ಅಡಿ ಎಳೆದರೆ ಆ ತುದಿಯಲ್ಲಿ ಎಷ್ಟು ವ್ಯತ್ಯಾಸ ಆಗುತ್ತದೆ? ಇದಕ್ಕೆ ಪೈಥಾಗೊರಸ್ ಪ್ರಮೇಯ ಉತ್ತರ ಕೊಡುವುದಿಲ್ಲ. ಮೂಲೆ ಸರಿ ಇದೆಯೋ ಇಲ್ಲವೋ ಎಂಬಷ್ಟನ್ನೇ ಹೇಳಿ ಅದು ನಿಂತುಬಿಡುತ್ತದೆ. ಅಲ್ಲಿಂದ ಮುಂದಕ್ಕೆ ನಮ್ಮನ್ನು ಕರೆದುಕೊಂಡು ಹೋಗುವುದು ಕೊಸೈನ್ ನಿಯಮ. ಇವತ್ತಿನ ಮಾತೆಲ್ಲ ಅದರ ಮೇಲೆಯೇ.

ಹತ್ತನೇ ಕ್ಲಾಸಿನ ತ್ರಿಕೋನಮಿತಿಯಲ್ಲಿ ನೀವು ಮಾಡಿದ ಲೆಕ್ಕಗಳನ್ನು ನೆನಪಿಸಿಕೊಳ್ಳಿ. ಗೋಪುರದ ಎತ್ತರ, ಮುರಿದು ಬಿದ್ದ ಮರ, ಉನ್ನತ ಕೋನ, ಅವನತ ಕೋನ. ಅಲ್ಲಿ ಬರುವ ತ್ರಿಭುಜಗಳೆಲ್ಲ ಲಂಬಕೋನ ತ್ರಿಭುಜಗಳೇ. ಹಾಗಾಗಿ ಮಕ್ಕಳ ಮನಸ್ಸಿನಲ್ಲಿ ಒಂದು ತಪ್ಪು ಕಲ್ಪನೆ ಕೂತುಬಿಡುತ್ತದೆ. ಸೈನ್, ಕಾಸ್ (ಕೊಸೈನ್) ಅನ್ನುವುದು ಲಂಬಕೋನ ಇದ್ದ ಕಡೆ ಮಾತ್ರ ಕೆಲಸಕ್ಕೆ ಬರುತ್ತದೆ ಅಂತ. ಪಿಯುಸಿಗೆ ಬಂದು ಕೊಸೈನ್ ನಿಯಮ ನೋಡಿದಾಗ ಅದು ಇನ್ನೊಂದು ಉದ್ದನೆಯ ಸೂತ್ರ, ಬಾಯಿಪಾಠ ಮಾಡಬೇಕು ಅನ್ನಿಸುತ್ತದೆ. ನನ್ನ ಆಸೆ ಇಷ್ಟೇ. ಇವತ್ತು ಇಲ್ಲಿಂದ ಹೊರಟ ಮೇಲೆ ನೀವು ಈ ಸೂತ್ರವನ್ನು ಮರೆತರೂ ಎರಡು ನಿಮಿಷದಲ್ಲಿ ಮತ್ತೆ ಕಟ್ಟಿಕೊಳ್ಳುವಂತಿರಬೇಕು. ಅದರೊಳಗಿನ ಮೈನಸ್ ಗುರುತು ಯಾಕೆ ಅಲ್ಲಿದೆ, ಅದು ಏನು ಹೇಳುತ್ತಿದೆ ಅನ್ನುವುದು ಗೊತ್ತಿರಬೇಕು. ನನ್ನ ಪ್ರಕಾರ ಆ ಸೂತ್ರದ ಜೀವ ಇರುವುದೇ ಆ ಮೈನಸ್ಸಿನಲ್ಲಿ.

ಒಂದು ಕೆರೆ ಇದೆ ಅಂದುಕೊಳ್ಳೋಣ. ಈ ದಡದಲ್ಲಿ ತೂಬು, ಆ ದಡದಲ್ಲಿ ಒಂದು ಆಲದ ಮರ. ತೂಬಿನಿಂದ ಮರಕ್ಕೆ ನೇರ ದೂರ ಎಷ್ಟು ಅಂತ ಬೇಕು. ಮಧ್ಯೆ ನೀರಿದೆ, ಟೇಪು ಹಿಡಿಯಲು ಆಗುವುದಿಲ್ಲ. ಎರಡಕ್ಕೂ ನಡೆದು ಹೋಗಬಹುದಾದ ಒಂದು ಜಾಗ ಹುಡುಕಿ ಅಲ್ಲಿ ನಿಲ್ಲುತ್ತೀರಿ. ಅಲ್ಲಿಂದ ತೂಬಿಗೆ 50 ಮೀಟರ್. ಮರಕ್ಕೆ 80 ಮೀಟರ್. ಎರಡು ದಿಕ್ಕುಗಳ ನಡುವಿನ ಕೋನ 60 ಡಿಗ್ರಿ.

ಇಲ್ಲಿ ಲಂಬಕೋನ ಇಲ್ಲ. ಇಲ್ಲದಿದ್ದರೆ ನಾವೇ ಒಂದನ್ನು ಮಾಡಿಕೊಂಡರಾಯಿತು, ಅಲ್ವಾ? ತೂಬಿನಿಂದ 80 ಮೀಟರಿನ ಗೆರೆಯ ಮೇಲೆ ಒಂದು ಲಂಬ ಇಳಿಸಿ. ಈಗ ಒಂದು ತ್ರಿಭುಜ ಹೋಗಿ ಎರಡು ಲಂಬಕೋನ ತ್ರಿಭುಜಗಳಾದವು. ಇನ್ನು ಮುಂದಿನದೆಲ್ಲ ಹತ್ತನೇ ಕ್ಲಾಸಿನ ಲೆಕ್ಕ.

ನೀವು ನಿಂತ ಜಾಗದಿಂದ ಲಂಬದ ಬುಡಕ್ಕೆ ದೂರ 50 × ಕಾಸ್ 60°. ಕಾಸ್ 60° ಅರ್ಧ, ಅಂದರೆ 25 ಮೀಟರ್. ನೆತ್ತಿಯ ಮೇಲೆ ಸೂರ್ಯ ಇದ್ದಾಗ ಆ 50 ಮೀಟರಿನ ಬದಿ ಕೆಳಗಿನ ಗೆರೆಯ ಮೇಲೆ ಬೀಳಿಸುವ ನೆರಳು ಅಂತ ಇದನ್ನು ಕಲ್ಪಿಸಿಕೊಳ್ಳಿ. ಈ ನೆರಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಮತ್ತೆ ಬರುತ್ತದೆ. ಲಂಬದ ವರ್ಗ 50² − 25², ಅಂದರೆ 1875. ಕೆಳಗಿನ 80 ಮೀಟರಿನಲ್ಲಿ 25 ಹೋದರೆ ಉಳಿದದ್ದು 55. ಅದರ ವರ್ಗ 3025. ಎರಡನ್ನೂ ಕೂಡಿದರೆ 4900. ವರ್ಗಮೂಲ 70. ತೂಬಿನಿಂದ ಮರಕ್ಕೆ 70 ಮೀಟರ್. ಲೆಕ್ಕ ಮುಗಿಯಿತು, ಹೊಸ ಸೂತ್ರ ಏನೂ ಬೇಕಾಗಲಿಲ್ಲ.

ಈಗ ಇದೇ ಕೆಲಸವನ್ನು ಅಂಕಿಯ ಬದಲು ಅಕ್ಷರ ಹಾಕಿ ಮಾಡಿ. ಗೊತ್ತಿರುವ ಎರಡು ಬದಿಗಳು ಅ ಮತ್ತು ಬ. ನಡುವಿನ ಕೋನ ಗೊತ್ತು. ಎದುರಿನ ಬದಿ ಕ ಬೇಕು. ನೆರಳಿನ ಉದ್ದ ಅ × ಕಾಸ್. ಲಂಬದ ವರ್ಗ ಅ² ದಲ್ಲಿ ನೆರಳಿನ ವರ್ಗ ಕಳೆದಷ್ಟು. ಕೆಳಗೆ ಉಳಿದ ತುಂಡು ಬ ದಲ್ಲಿ ನೆರಳು ಕಳೆದಷ್ಟು. ಆ ತುಂಡಿನ ವರ್ಗವನ್ನು ಬಿಡಿಸಿದಾಗ ಮೂರು ಪದ ಬರುತ್ತವೆ: ಬ², ಮೈನಸ್ 2 × ಬ × ನೆರಳು, ಪ್ಲಸ್ ನೆರಳಿನ ವರ್ಗ. ಲಂಬದ ವರ್ಗದಲ್ಲಿ ನೆರಳಿನ ವರ್ಗ ಮೈನಸ್ ಇದೆ, ಇಲ್ಲಿ ಪ್ಲಸ್ ಇದೆ. ಎರಡೂ ಹೊಡೆದುಹೋಗುತ್ತವೆ. ಉಳಿಯುವುದು ಇಷ್ಟು:

ಕ² = ಅ² + ಬ² − 2 × ಅ × ಬ × ಕಾಸ್(ಕೋನ)

ಇದೇ ಕೊಸೈನ್ ನಿಯಮ. ಮೊದಲ ಎರಡು ಪದ ಪೈಥಾಗೊರಸ್. ಕೊನೆಯ ಪದ ಅದಕ್ಕೆ ಮಾಡಿದ ತಿದ್ದುಪಡಿ. ಕೋನ 90 ಆದಾಗ ಬದಿ ನೆಟ್ಟಗೆ ನಿಂತಿರುತ್ತದೆ, ನೆರಳೇ ಬೀಳುವುದಿಲ್ಲ, ತಿದ್ದುಪಡಿ ಸೊನ್ನೆ. ಕೋನ ಕಿರಿದಾದರೆ ನೆರಳು ಒಳಗಡೆ ಬೀಳುತ್ತದೆ, ಎದುರಿನ ಬದಿ ಚಿಕ್ಕದಾಗುತ್ತದೆ. ಕೋನ 90 ದಾಟಿದರೆ ಬದಿ ಆಚೆಗೆ ವಾಲುತ್ತದೆ. ಆಗ ನೆರಳು ಬೀಳುವುದು ಕೆಳಗಿನ ಗೆರೆಯ ಮೇಲಲ್ಲ, ಗೆರೆಯನ್ನು ಹಿಂದಕ್ಕೆ ಎಳೆದರೆ ಅಲ್ಲಿ. ಕಾಸ್ ಮೈನಸ್ ಆಗುತ್ತದೆ. ಮೈನಸ್ಸಿಗೆ ಮೈನಸ್ ಸೇರಿ ಪ್ಲಸ್ ಆಗಿ, ಎದುರಿನ ಬದಿ ಉದ್ದವಾಗುತ್ತದೆ. ಮೂರೂ ಸಂದರ್ಭಕ್ಕೆ ಬೇರೆ ಬೇರೆ ಸೂತ್ರ ಬೇಕಿಲ್ಲ. ಎಲ್ಲವನ್ನೂ ಆ ಒಂದು ಗುರುತು ನೋಡಿಕೊಳ್ಳುತ್ತದೆ.

ಇಲ್ಲಿ ಮಕ್ಕಳು ಜಾಸ್ತಿ ಎಡವುವ ಎರಡು ಜಾಗ ತೋರಿಸಿಬಿಡುತ್ತೇನೆ. ಮೊದಲನೆಯದು, ಅ² + ಬ² − 2ಅಬ ಅಷ್ಟನ್ನೂ ಮೊದಲು ಮಾಡಿಕೊಂಡು ಆಮೇಲೆ ಕಾಸ್‌ನಿಂದ ಗುಣಿಸುವುದು. ನಮ್ಮ ಕೆರೆಯ ಲೆಕ್ಕದಲ್ಲಿ ಹೀಗೆ ಮಾಡಿದರೆ 2500 + 6400 − 8000 = 900, ಅದರ ಅರ್ಧ 450, ವರ್ಗಮೂಲ ಸುಮಾರು 21 ಮೀಟರ್. ಇದು ತಪ್ಪು ಅಂತ ಕಂಡುಹಿಡಿಯಲು ಮೇಷ್ಟ್ರು ಬೇಕಿಲ್ಲ. ಎರಡು ಬದಿ 50 ಮತ್ತು 80 ಇದ್ದರೆ ಮೂರನೆಯದು 30ಕ್ಕಿಂತ ಜಾಸ್ತಿ, 130ಕ್ಕಿಂತ ಕಡಿಮೆ ಇರಲೇಬೇಕು. 21 ಆದರೆ ತ್ರಿಭುಜ ಮುಚ್ಚಿಕೊಳ್ಳುವುದೇ ಇಲ್ಲ.

ಎರಡನೆಯದು ಇನ್ನೂ ಮೋಸದ್ದು. ಫೋನಿನ ಕ್ಯಾಲ್ಕುಲೇಟರ್ ಎಷ್ಟೋ ಸಲ ಕೋನವನ್ನು ಡಿಗ್ರಿಯ ಬದಲು ಬೇರೆ ಅಳತೆಯಲ್ಲಿ ಓದುವ ರೇಡಿಯನ್ ಮೋಡ್‌ನಲ್ಲಿ ಇರುತ್ತದೆ. ಅದರಲ್ಲಿ ಕಾಸ್ 60 ಒತ್ತಿದರೆ 0.5 ಬರುವುದಿಲ್ಲ, ಮೈನಸ್ 0.952 ಬರುತ್ತದೆ. ಲೆಕ್ಕ ಮುಂದುವರಿಸಿದರೆ ಉತ್ತರ 128.5 ಮೀಟರ್. ಇದು 130ರ ಒಳಗೇ ಇದೆ, ಹಾಗಾಗಿ ಮೊದಲ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಇಲ್ಲಿ ಕೋನವನ್ನು ನೋಡಬೇಕು. ಮೂರು ಕೋನ ಸೇರಿ 180. ಅದರಲ್ಲಿ ಒಂದು 60 ಅಂದರೆ ಉಳಿದ ಎರಡರ ಮೊತ್ತ 120. ಅವೆರಡೂ 60 ಇರಬೇಕು, ಇಲ್ಲವೇ ಒಂದು 60ಕ್ಕಿಂತ ದೊಡ್ಡದು, ಇನ್ನೊಂದು ಚಿಕ್ಕದು. ಹಾಗಾಗಿ 60ರ ಎದುರಿನ ಬದಿ ಯಾವಾಗಲೂ ಉಳಿದೆರಡರ ಮಧ್ಯೆ ಇರಬೇಕು. 50 ಮತ್ತು 80ರ ಮಧ್ಯೆ. 70 ಸರಿಯಾಗಿ ಕೂರುತ್ತದೆ, 128.5 ಕೂರುವುದಿಲ್ಲ. ಉತ್ತರ ಬಂದ ಮೇಲೆ ಅರ್ಧ ನಿಮಿಷ ಚಿತ್ರ ನೋಡುವ ಅಭ್ಯಾಸ ಇದ್ದರೆ ಇಂಥ ತಪ್ಪುಗಳು ಅಲ್ಲೇ ಸಿಗುತ್ತವೆ.

ಈಗ ಮೇಸ್ತ್ರಿಯ ಮೂಲೆಗೆ ಬರೋಣ. ಅಲ್ಲಿ ಮೂರು ಬದಿ ಗೊತ್ತು, ಕೋನ ಬೇಕು. ಸೂತ್ರವನ್ನು ತಿರುಗಿಸಿಕೊಂಡರೆ ಆಯಿತು:

ಕಾಸ್(ಕೋನ) = (ಅ² + ಬ² − ಕ²) ÷ (2 × ಅ × ಬ)

10 ಅಡಿ 3 ಇಂಚು ಅಂದರೆ 10.25 ಅಡಿ. ವರ್ಗ 105.0625. ಮೇಲೆ 100 − 105.0625, ಅಂದರೆ ಮೈನಸ್ 5.0625. ಕೆಳಗೆ 2 × 6 × 8, ಅಂದರೆ 96. ಭಾಗಿಸಿದರೆ ಮೈನಸ್ 0.0527. ಕೋನ 93 ಡಿಗ್ರಿ. ಮೂಲೆ ಮೂರು ಡಿಗ್ರಿ ಬಿಚ್ಚಿಕೊಂಡಿದೆ. ಈ ಗೋಡೆಯನ್ನು 40 ಅಡಿ ಎಳೆದರೆ ತುದಿಯಲ್ಲಿ 40 × 0.0527, ಅಂದರೆ ಎರಡು ಅಡಿಗಿಂತ ಸ್ವಲ್ಪ ಜಾಸ್ತಿ ಆಚೆ ಹೋಗಿರುತ್ತದೆ. ಟೇಪಿನಲ್ಲಿ ಮೂರು ಇಂಚು, ಗೋಡೆಯ ಕೊನೆಯಲ್ಲಿ ಎರಡು ಅಡಿ.

ಇದನ್ನೇ ಬೇರೆ ಬೇರೆ ಅಳತೆಗೆ ಮಾಡಿ ನೋಡಿ. 10 ಅಡಿ 1 ಇಂಚು ಬಂದರೆ ಕೋನ 91 ಡಿಗ್ರಿ. 10 ಅಡಿ 2 ಇಂಚು ಬಂದರೆ 92. 9 ಅಡಿ 11 ಇಂಚು ಬಂದರೆ 89. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರಬಹುದು, ಕೆಲಸದ ಜಾಗದಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. 6-8-10 ಅಳತೆಯಲ್ಲಿ ಒಂದು ಇಂಚಿಗೆ ಒಂದು ಡಿಗ್ರಿ. ಡಿಪ್ಲೊಮಾ ಮಕ್ಕಳೇ, ಇದನ್ನು ನೋಟ್ಸಿನಲ್ಲಿ ಬರೆದುಕೊಳ್ಳಿ. ಸೈಟಿನಲ್ಲಿ ನಿಂತಾಗ ಕ್ಯಾಲ್ಕುಲೇಟರ್ ಇಲ್ಲದೆ ಕೋನ ಹೇಳಬಹುದು. ಇದು 6-8-10ಕ್ಕೆ ಮಾತ್ರ, 3-4-5ಕ್ಕೆ ಅಲ್ಲ. ಅಲ್ಲಿ ಅರ್ಧ ಇಂಚಿಗೇ ಒಂದು ಡಿಗ್ರಿ. ದೊಡ್ಡ ಅಳತೆ ಹಿಡಿದಷ್ಟೂ ಮೂಲೆ ಜಾಸ್ತಿ ಕರಾರುವಾಕ್ಕಾಗಿ ಬರುತ್ತದೆ ಅಂತ ಅನುಭವಸ್ಥ ಮೇಸ್ತ್ರಿಗಳು ಹೇಳುವುದಕ್ಕೆ ಕಾರಣ ಇದೇ.

ಮನೆಯ ಮಾತು ಬಂದದ್ದಕ್ಕೆ ಸೈಟಿನ ಬಗ್ಗೆಯೂ ಒಂದು ವಿಷಯ ಹೇಳಬೇಕು. ಒಂದು 30-40 ಸೈಟು. ನಾಲ್ಕೂ ಬದಿ ಅಳೆದಿರಿ. ಪೂರ್ವಕ್ಕೆ 40, ಪಶ್ಚಿಮಕ್ಕೆ 40, ಉತ್ತರಕ್ಕೆ 30, ದಕ್ಷಿಣಕ್ಕೆ 30. ಪತ್ರದಲ್ಲಿ 1200 ಚದರ ಅಡಿ ಅಂತ ಇದೆ. ಚೆಕ್ಕುಬಂದಿಯೂ ಸರಿ ಇದೆ. ಎಲ್ಲ ತಾಳೆ ಆಯಿತು ಅನ್ನಿಸುತ್ತದೆ. ಆದರೆ ನಾಲ್ಕು ಬದಿ ಗೊತ್ತಿದ್ದ ಮಾತ್ರಕ್ಕೆ ಆಕಾರ ಗೊತ್ತಾಗುವುದಿಲ್ಲ. ನಾಲ್ಕು ಕಡ್ಡಿಗಳ ತುದಿ ಕಟ್ಟಿ ಚೌಕಟ್ಟು ಮಾಡಿ ಒತ್ತಿ ನೋಡಿ, ಅದು ಓರೆಯಾಗುತ್ತದೆ. ಮೂರು ಕಡ್ಡಿಯ ಚೌಕಟ್ಟು ಓರೆಯಾಗುವುದಿಲ್ಲ. ಮೂರು ಬದಿ ಗೊತ್ತಾದರೆ ತ್ರಿಭುಜ ಒಂದೇ ರೀತಿ ಕೂರುತ್ತದೆ. ಅದಕ್ಕೇ ಸೈಟಿಗೆ ಐದನೆಯ ಅಳತೆ ಬೇಕು. ಮೂಲೆಯಿಂದ ಎದುರು ಮೂಲೆಗೆ, ಅಂದರೆ ವಿಕರ್ಣ.

30-40ರ ಸೈಟು ನಿಜಕ್ಕೂ ಆಯತ ಆಗಿದ್ದರೆ ಎರಡೂ ವಿಕರ್ಣ 50 ಬರಬೇಕು. ಒಂದು ಕಡೆ ಹಿಡಿದರೆ 44 ಅಡಿ ಬಂತು ಅಂದುಕೊಳ್ಳಿ. ಕಾಸ್ ಎಷ್ಟು? 900 + 1600 − 1936, ಅಂದರೆ 564. ಅದನ್ನು 2400ರಿಂದ ಭಾಗಿಸಿದರೆ 0.235. ಕೋನ 76 ಡಿಗ್ರಿಯ ಮೇಲೆ ಸ್ವಲ್ಪ. ಇಂಥ ಓರೆ ಸೈಟಿನ ವಿಸ್ತೀರ್ಣ 30 × 40 × ಸೈನ್ ಕೋನ, ಸುಮಾರು 1166 ಚದರ ಅಡಿ. 34 ಚದರ ಅಡಿ ಇಲ್ಲ. ಒಂದು ಸಣ್ಣ ಬಚ್ಚಲುಮನೆಯಷ್ಟು ಜಾಗ. ನಾಲ್ಕೂ ಬದಿಯ ಅಳತೆ ಸರಿ ಇದ್ದೂ ಇದು ಆಗಿದೆ.

ಬದಿಗಳು ಸಮ ಇಲ್ಲದ ಸೈಟುಗಳಿಗೆ ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸುವ ಪದ್ಧತಿ ನಮ್ಮಲ್ಲಿ ಬಹಳ ಕಡೆ ಇದೆ. ಇದು ಬಹಳ ಹಳೆಯ ಪದ್ಧತಿ. ಬ್ರಹ್ಮಗುಪ್ತರು 628ರಲ್ಲೇ ಇದನ್ನು ಕೊಟ್ಟು, ಇದು ಸ್ಥೂಲ ಲೆಕ್ಕ ಅಂತ ಸ್ಪಷ್ಟವಾಗಿ ಹೇಳಿದ್ದಾರೆ. ಈ ಸರಾಸರಿ ಲೆಕ್ಕ ಯಾವತ್ತೂ ನಿಜವಾದ ವಿಸ್ತೀರ್ಣಕ್ಕಿಂತ ಕಡಿಮೆ ಬರುವುದಿಲ್ಲ. ಆಯತಕ್ಕೆ ಸರಿಯಾಗಿ ಬರುತ್ತದೆ, ಉಳಿದ ಎಲ್ಲ ಆಕಾರಕ್ಕೂ ಜಾಸ್ತಿಯೇ ಬರುತ್ತದೆ. ಅಂದರೆ ತಪ್ಪು ಯಾವಾಗಲೂ ಒಂದೇ ಕಡೆಗೆ, ಕೊಳ್ಳುವವರ ಕಡೆಗೆ ಬೀಳುತ್ತದೆ. ಸೈಟು ಕೊಳ್ಳುವ ಮುಂಚೆ ವಿಕರ್ಣ ಅಳೆಯಿರಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಟೇಪು ಹಿಡಿಯುವ ಐದು ನಿಮಿಷದ ಕೆಲಸ.

ಬ್ರಹ್ಮಗುಪ್ತರ ಹೆಸರು ಬಂದಿತು. ಮೂರು ಬದಿ ಕೊಟ್ಟ ತ್ರಿಭುಜವನ್ನು ನಮ್ಮ ಹಳೆಯ ಗಣಿತಜ್ಞರು ಹೇಗೆ ಬಿಡಿಸುತ್ತಿದ್ದರು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾದ ಭಾಗ ಇದು.

ಅವರ ಲೆಕ್ಕದಲ್ಲಿ ಕೋನದ ಮಾತೇ ಬರುವುದಿಲ್ಲ. ಮೇಲಿನ ಮೂಲೆಯಿಂದ ಭೂಮಿಗೆ ಲಂಬ ಇಳಿಸುತ್ತಾರೆ. ಕೆಳಗಿನ ಬದಿಗೆ ಅವರು ಕೊಟ್ಟ ಹೆಸರು ಭೂಮಿ. ಲಂಬ ಬಿದ್ದಾಗ ಭೂಮಿ ಎರಡು ತುಂಡಾಗುತ್ತದೆ. ಆ ತುಂಡುಗಳಿಗೆ ಆಬಾಧೆ ಅಂತ ಹೆಸರು. ನಾವು ಆಗಲೇ ನೋಡಿದ ನೆರಳು ಇದೇ. ಎರಡು ಆಬಾಧೆಗಳ ಮೊತ್ತ ಭೂಮಿ. ಅವುಗಳ ವ್ಯತ್ಯಾಸ ಎಷ್ಟು? ಎರಡೂ ಲಂಬಕೋನ ತ್ರಿಭುಜಗಳಿಗೆ ಲಂಬ ಒಂದೇ ಆದ್ದರಿಂದ, ಬದಿಗಳ ವರ್ಗಗಳ ವ್ಯತ್ಯಾಸವೇ ಆಬಾಧೆಗಳ ವರ್ಗಗಳ ವ್ಯತ್ಯಾಸ. ವರ್ಗಗಳ ವ್ಯತ್ಯಾಸ ಅಂದರೆ ಮೊತ್ತ × ವ್ಯತ್ಯಾಸ, ಹಾಗಾಗಿ ಅದನ್ನು ಭೂಮಿಯಿಂದ ಭಾಗಿಸಿದರೆ ಆಬಾಧೆಗಳ ವ್ಯತ್ಯಾಸ ಸಿಗುತ್ತದೆ. ಮೊತ್ತ ಗೊತ್ತು, ವ್ಯತ್ಯಾಸ ಗೊತ್ತು. ಕೂಡಿ ಅರ್ಧ ಮಾಡಿದರೆ ದೊಡ್ಡದು, ಕಳೆದು ಅರ್ಧ ಮಾಡಿದರೆ ಚಿಕ್ಕದು.

ಈ ವಿಧಾನ ಬ್ರಹ್ಮಗುಪ್ತರಲ್ಲಿದೆ. ಒಂಬತ್ತನೇ ಶತಮಾನದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲೂ ಇದೆ. ಮಹಾವೀರಾಚಾರ್ಯರು ನಮ್ಮವರು. ತಮ್ಮ ಗ್ರಂಥದ ಆರಂಭದಲ್ಲೇ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾರೆ. ಅವನ ರಾಜಧಾನಿ ಮಾನ್ಯಖೇಟ, ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ನೃಪತುಂಗನ ಹೆಸರು ಹೇಳಿದ ಕೂಡಲೇ ನಮಗೆ ಕಾವ್ಯ ನೆನಪಾಗುತ್ತದೆ. ಅದೇ ಕಾಲದಲ್ಲಿ ತ್ರಿಭುಜದ ಲೆಕ್ಕವೂ ನಡೆದಿತ್ತು ಅನ್ನುವುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

1150ರಲ್ಲಿ ಭಾಸ್ಕರಾಚಾರ್ಯರ ಲೀಲಾವತಿ ಬಂತು. ಅದರಲ್ಲಿ ಒಂದು ಲೆಕ್ಕ ಹೀಗಿದೆ. ಭೂಮಿ 14, ಬದಿಗಳು 13 ಮತ್ತು 15. ವರ್ಗಗಳು 169, 225. ವ್ಯತ್ಯಾಸ 56. ಅದನ್ನು 14ರಿಂದ ಭಾಗಿಸಿದರೆ 4. ಆಬಾಧೆಗಳು 9 ಮತ್ತು 5. ಲಂಬ 12. ವಿಸ್ತೀರ್ಣ 84. ಎಲ್ಲ ಪೂರ್ಣಾಂಕ, ಚೊಕ್ಕವಾದ ಲೆಕ್ಕ.

ಆಮೇಲೆ ಭಾಸ್ಕರಾಚಾರ್ಯರು ಇನ್ನೊಂದು ಲೆಕ್ಕ ಕೊಡುತ್ತಾರೆ. ಬದಿಗಳು 10 ಮತ್ತು 17, ಭೂಮಿ 9. ನೀವೂ ಮಾಡಿ. 289ರಲ್ಲಿ 100 ಹೋದರೆ 189. 9ರಿಂದ ಭಾಗಿಸಿದರೆ 21. ಅಂದರೆ ಆಬಾಧೆಗಳ ವ್ಯತ್ಯಾಸ 21. ಆದರೆ ಭೂಮಿಯೇ ಬರೀ 9! ಎರಡು ತುಂಡು ಸೇರಿ 9 ಆಗಬೇಕು, ಅವುಗಳ ವ್ಯತ್ಯಾಸ 21 ಆಗಬೇಕು. ಇಲ್ಲಿ ಯಾರಾದರೂ ಪ್ರಶ್ನೆಯೇ ತಪ್ಪು ಅಂತ ಬಿಟ್ಟುಬಿಡಬಹುದಿತ್ತು. ಭಾಸ್ಕರಾಚಾರ್ಯರು ಬಿಡುವುದಿಲ್ಲ. ಒಂದು ಆಬಾಧೆ 15, ಇನ್ನೊಂದು ಋಣ 6. ಋಣ ಅಂದರೆ ಏನು ಅಂತಲೂ ಅಲ್ಲೇ ಹೇಳುತ್ತಾರೆ: ಆ ತುಂಡು ವಿರುದ್ಧ ದಿಕ್ಕಿನಲ್ಲಿದೆ. ಲಂಬ ಭೂಮಿಯ ಮೇಲೆ ಬೀಳದೆ, ಹೊರಗಡೆ 6 ಅಳತೆ ಆಚೆ ಬಿದ್ದಿದೆ. ಲಂಬ 8, ವಿಸ್ತೀರ್ಣ 36.

ಇದನ್ನು ಕೊಸೈನ್ ನಿಯಮದ ಪಕ್ಕ ಇಡಿ. 10 ಮತ್ತು 9ರ ನಡುವಿನ ಕೋನಕ್ಕೆ ಕಾಸ್ ಎಷ್ಟು? 100 + 81 − 289, ಅಂದರೆ ಮೈನಸ್ 108. ಅದನ್ನು 180ರಿಂದ ಭಾಗಿಸಿದರೆ ಮೈನಸ್ 0.6. ಭಾಸ್ಕರಾಚಾರ್ಯರ ಮೈನಸ್ 6 ಅನ್ನು ಬದಿ 10ರಿಂದ ಭಾಗಿಸಿದರೂ ಅದೇ ಮೈನಸ್ 0.6. ಕೋನ ಸುಮಾರು 127 ಡಿಗ್ರಿ. ಕ್ಯಾಲ್ಕುಲೇಟರಿನಲ್ಲಿ ಕಾಸ್ ಮೈನಸ್ ಬಂದಾಗ ಅದಕ್ಕೆ ನೆಲದ ಮೇಲೆ ಅರ್ಥ ಏನು ಅಂತ ಅವರು ಆಗಲೇ ಹೇಳಿಬಿಟ್ಟಿದ್ದಾರೆ. ಈ ಎರಡು ತ್ರಿಭುಜಗಳನ್ನು, 13-14-15 ಮತ್ತು 9-10-17ನ್ನು, ಕ್ಲಾಸಿನಲ್ಲಿ ಅಕ್ಕಪಕ್ಕ ಬರೆದು ಪಾಠ ಮಾಡಿ ಅಂತ ಇಲ್ಲಿರುವ ಮೇಷ್ಟ್ರುಗಳಲ್ಲಿ ಕೇಳಿಕೊಳ್ಳುತ್ತೇನೆ. ಮೈನಸ್ ಗುರುತನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ.

ಬೇರೆ ಕಡೆಯೂ ಇದೇ ವಿಚಾರ ಬೇರೆ ರೂಪದಲ್ಲಿತ್ತು. ಕ್ರಿಸ್ತಪೂರ್ವ 300ರ ಹೊತ್ತಿನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ ಎಲಿಮೆಂಟ್ಸ್ ಗ್ರಂಥದ ಎರಡನೇ ಪುಸ್ತಕದಲ್ಲಿ ವಿಶಾಲಕೋನಕ್ಕೆ ಒಂದು, ಲಘುಕೋನಕ್ಕೆ ಒಂದು, ಹೀಗೆ ಎರಡು ಪ್ರಮೇಯ ಕೊಟ್ಟಿದ್ದಾನೆ. ಋಣ ಸಂಖ್ಯೆ ಇಲ್ಲದಿದ್ದರಿಂದ ಎರಡನ್ನೂ ಒಂದೇ ಮಾತಿನಲ್ಲಿ ಹೇಳಲು ಆಗಲಿಲ್ಲ. ಹದಿನೈದನೇ ಶತಮಾನದಲ್ಲಿ ಸಮರ್‌ಖಂಡದಲ್ಲಿದ್ದ ಗಣಿತಜ್ಞ ಅಲ್ ಕಾಶಿ ಇದನ್ನು ತ್ರಿಭುಜ ಬಿಡಿಸುವ ಲೆಕ್ಕಕ್ಕೆ ಬಳಸಿದ. ಫ್ರಾನ್ಸಿನ ಶಾಲೆಗಳಲ್ಲಿ ಇವತ್ತಿಗೂ ಕೊಸೈನ್ ನಿಯಮಕ್ಕೆ ಅಲ್ ಕಾಶಿ ಪ್ರಮೇಯ ಅಂತಲೇ ಹೆಸರು.

ಮುಂದಿನ ವಿಷಯ: ಸೈನ್ ನಿಯಮ ಯಾವಾಗ, ಕೊಸೈನ್ ನಿಯಮ ಯಾವಾಗ? ತ್ರಿಭುಜದ ಯಾವ ಬದಿಯನ್ನು ಅದರ ಎದುರಿನ ಕೋನದ ಸೈನ್‌ನಿಂದ ಭಾಗಿಸಿದರೂ ಒಂದೇ ಸಂಖ್ಯೆ ಬರುತ್ತದೆ, ಇದು ಸೈನ್ ನಿಯಮ. ಒಂದು ಬದಿ, ಅದರ ಎದುರಿನ ಕೋನ, ಈ ಜೋಡಿ ಪೂರ್ತಿ ಗೊತ್ತಿದ್ದರೆ ಸೈನ್ ನಿಯಮ ಸುಲಭ. ಎರಡು ಬದಿ, ನಡುವಿನ ಕೋನ ಗೊತ್ತಿದ್ದರೆ, ಅಥವಾ ಮೂರೂ ಬದಿ ಗೊತ್ತಿದ್ದರೆ, ಅಂಥ ಜೋಡಿ ಸಿಗುವುದಿಲ್ಲ. ಅಲ್ಲಿ ಕೊಸೈನ್ ನಿಯಮವೇ ಬೇಕು. ಮೂರೂ ಕೋನ ಮಾತ್ರ ಗೊತ್ತಿದ್ದರೆ ಯಾವುದೂ ಕೆಲಸ ಮಾಡುವುದಿಲ್ಲ, ತ್ರಿಭುಜದ ಆಕಾರ ಗೊತ್ತಾಗುತ್ತದೆ, ಗಾತ್ರ ಗೊತ್ತಾಗುವುದಿಲ್ಲ.

ಕೊಸೈನ್ ನಿಯಮಕ್ಕೆ ಇನ್ನೊಂದು ದೊಡ್ಡ ಗುಣ ಇದೆ. 3, 5, 7 ಬದಿಗಳ ತ್ರಿಭುಜ ತೆಗೆದುಕೊಳ್ಳಿ. ದೊಡ್ಡ ಕೋನ 7ರ ಎದುರಿನದು. ಅದರ ಕಾಸ್: 9 + 25 − 49, ಅಂದರೆ ಮೈನಸ್ 15. ಅದನ್ನು 30ರಿಂದ ಭಾಗಿಸಿದರೆ ಮೈನಸ್ ಅರ್ಧ. ಕೋನ 120 ಡಿಗ್ರಿ. ಇದೇ ಕೋನವನ್ನು ಸೈನ್‌ನಿಂದ ಹುಡುಕಿದರೆ 0.866 ಬರುತ್ತದೆ, ಕ್ಯಾಲ್ಕುಲೇಟರ್ 60 ಅನ್ನುತ್ತದೆ. 60ಕ್ಕೂ 120ಕ್ಕೂ ಸೈನ್ ಒಂದೇ. ಅದಕ್ಕೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಾಸ್‌ಗೆ ಗೊತ್ತಾಗುತ್ತದೆ, ಗುರುತೇ ಹೇಳಿಬಿಡುತ್ತದೆ. ಹಾಗಾಗಿ ಮೂರು ಬದಿ ಕೊಟ್ಟಾಗ ದೊಡ್ಡ ಕೋನವನ್ನು ಮೊದಲು ಕೊಸೈನ್ ನಿಯಮದಿಂದ ತೆಗೆಯಿರಿ. ಉಳಿದ ಎರಡೂ ಖಂಡಿತ ಲಘುಕೋನಗಳೇ, ಅಲ್ಲಿ ಸೈನ್ ಬಳಸಿದರೂ ತೊಂದರೆ ಇಲ್ಲ.

ಸರ್ವೆಯವರು ಇಷ್ಟು ಕಾಲ ಸೈನ್ ನಿಯಮವನ್ನೇ ಜಾಸ್ತಿ ಬಳಸಿದ್ದಾರಲ್ಲ ಅಂತ ನೀವು ಕೇಳಬಹುದು. ಅದಕ್ಕೆ ಕಾರಣ ಉಪಕರಣ. 1802ರಲ್ಲಿ ಭಾರತದ ದೊಡ್ಡ ತ್ರಿಕೋನಮಿತಿ ಸರ್ವೆ ಶುರುಮಾಡಿದ ಬ್ರಿಟಿಷ್ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಏಳೂವರೆ ಮೈಲಿಯಷ್ಟು ಉದ್ದದ ಆಧಾರ ರೇಖೆಯನ್ನು ಸರಪಳಿ ಹಾಕಿ ಅಳೆಸಿದಾಗ ಅದಕ್ಕೆ ವಾರಗಟ್ಟಲೆ ಹಿಡಿಯಿತು. ದೂರ ಅಳೆಯುವುದು ಅಷ್ಟು ಕಷ್ಟ. ಕೋನ ಅಳೆಯುವುದು ಥಿಯೊಡೊಲೈಟ್‌ನಿಂದ ಸಾಧ್ಯವಿತ್ತು. ಒಂದು ಬದಿ ಅಳೆ, ಉಳಿದ ಕಡೆ ಬರೀ ಕೋನ ನೋಡು, ಸೈನ್ ನಿಯಮದಿಂದ ಒಂದು ತ್ರಿಭುಜದಿಂದ ಇನ್ನೊಂದಕ್ಕೆ ಹೋಗು. ಹೀಗೆ ತ್ರಿಭುಜಗಳ ಸರಣಿ ಮೈಸೂರು ಸೀಮೆಯವರೆಗೆ ಬಂತು. ಲೆಕ್ಕ ಸರಿ ಇದೆಯೇ ಅಂತ ನೋಡಲು 1804ರಲ್ಲಿ ಬೆಂಗಳೂರಿನ ಹತ್ತಿರ ಇನ್ನೊಂದು ಆಧಾರ ರೇಖೆ ಅಳೆಯಲಾಯಿತು.

ಈಗ ಪರಿಸ್ಥಿತಿ ಬದಲಾಗಿದೆ. ದೂರ, ಕೋನ ಎರಡನ್ನೂ ಅಳೆಯುವ ಟೋಟಲ್ ಸ್ಟೇಷನ್‌ನಲ್ಲಿ ದೂರ ಕ್ಷಣದಲ್ಲಿ ಬರುತ್ತದೆ. ನಿಂತ ಜಾಗದಿಂದ ಕದಲದೆ ದೂರದ ಎರಡು ಬಿಂದುಗಳ ನಡುವಿನ ಅಂತರ ಹೇಳುವ ಸೌಲಭ್ಯವೂ ಅದರಲ್ಲಿದೆ. ಮಿಸ್ಸಿಂಗ್ ಲೈನ್ ಅಂತ ಮೆನುವಿನಲ್ಲಿ ಬರುತ್ತದೆ. ಡಿಪ್ಲೊಮಾದವರು ಲ್ಯಾಬಿನಲ್ಲಿ ಆ ಬಟನ್ ಒತ್ತಿರುತ್ತೀರಿ. ಎರಡು ದೂರ, ನಡುವಿನ ಕೋನ. ನಮ್ಮ ಕೆರೆಯ ಲೆಕ್ಕವೇ ಅದು, ಎತ್ತರದ ವ್ಯತ್ಯಾಸವನ್ನೂ ಸೇರಿಸಿ ಯಂತ್ರ ಮಾಡುತ್ತದೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ, ಎರಡೂ ಗಟ್ಟಿ ಪ್ರಶ್ನೆಗಳು.

ಪಿಯುಸಿ ಹುಡುಗಿಯೊಬ್ಬಳು ಕೇಳಿದಳು: "ಸರ್, ಎರಡು ಬದಿ ಕೊಟ್ಟು, ನಡುವಿನ ಕೋನ ಕೊಡದೆ ಬೇರೆ ಕೋನ ಕೊಟ್ಟರೆ?" ಅದಕ್ಕೂ ಕೊಸೈನ್ ನಿಯಮ ಸಾಕು. ಕೋನ 60, ಅದರ ಪಕ್ಕದ ಬದಿ 8, ಎದುರಿನ ಬದಿ 7. ಪಕ್ಕದ ಇನ್ನೊಂದು ಬದಿ ಗೊತ್ತಿಲ್ಲ, ಅದನ್ನು ಯ ಅನ್ನೋಣ. ಸೂತ್ರಕ್ಕೆ ಹಾಕಿದರೆ 49 = 64 + ಯ² − 8ಯ. ಅಂದರೆ ಯ² − 8ಯ + 15 = 0. ವರ್ಗ ಸಮೀಕರಣ, ಹತ್ತನೇ ಕ್ಲಾಸಿನದು. ಉತ್ತರ 3 ಅಥವಾ 5. ಎರಡೂ ಸರಿ. ಎರಡು ಬೇರೆ ಬೇರೆ ತ್ರಿಭುಜಗಳು ಇದೇ ಅಳತೆಗೆ ಹೊಂದುತ್ತವೆ. ಚಿತ್ರ ಬರೆದರೆ 7ರ ಬದಿ ಬಾಗಿಲಿನ ಹಾಗೆ ಬೀಸಿ ಕೆಳಗಿನ ಗೆರೆಯನ್ನು ಎರಡು ಕಡೆ ಮುಟ್ಟುವುದು ಕಾಣುತ್ತದೆ. ಸೈನ್ ನಿಯಮ ಹಾಕಿದ್ದರೆ ಎರಡನೆಯ ಉತ್ತರ ಇದೆ ಅಂತ ನೀವೇ ನೆನಪಿಟ್ಟುಕೊಂಡು ಹುಡುಕಬೇಕಿತ್ತು. ಇಲ್ಲಿ ಸಮೀಕರಣವೇ ಎರಡನ್ನೂ ಎದುರಿಗೆ ಇಡುತ್ತದೆ. ಎದುರಿನ ಬದಿ 7ರ ಬದಲು 6 ಇದ್ದಿದ್ದರೆ ಯ² − 8ಯ + 28 = 0 ಆಗುತ್ತಿತ್ತು. ಅದಕ್ಕೆ ಉತ್ತರ ಇಲ್ಲ, ಅಂದರೆ ಅಂಥ ತ್ರಿಭುಜವೇ ಇಲ್ಲ. 6ರ ಬದಿ ಗೆರೆಯನ್ನು ಮುಟ್ಟುವುದೇ ಇಲ್ಲ.

ಇನ್ನೊಂದು ಪ್ರಶ್ನೆ ಹಿಂದೆ ಕೂತಿದ್ದ ನಿವೃತ್ತ ಸರ್ವೆಯರ್ ಒಬ್ಬರದು. ಕೋನ ತೀರಾ ಸಣ್ಣದಾದಾಗ ಈ ಸೂತ್ರ ಕೈಕೊಡುತ್ತದಲ್ಲ, ಏನು ಮಾಡಬೇಕು ಅಂತ. ಅವರು ಹೇಳಿದ್ದು ಪೂರ್ತಿ ನಿಜ. ಎರಡು ಬದಿ ಸಾವಿರ ಸಾವಿರ ಮೀಟರ್, ನಡುವಿನ ಕೋನ ಒಂದೇ ಮಿನಿಟ್, ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ ಅಂದುಕೊಳ್ಳಿ. ನಾಲ್ಕಂಕಿಯ ಟೇಬಲ್ ತೆಗೆದರೆ ಕಾಸ್ 1.0000 ಅಂತ ಇದೆ. ಸೂತ್ರಕ್ಕೆ ಹಾಕಿದರೆ ಎದುರಿನ ಬದಿ ಸೊನ್ನೆ! ನಿಜವಾದ ಉತ್ತರ 29 ಸೆಂಟಿಮೀಟರ್. ಗಡಿಕಲ್ಲು ನೆಡುವ ಕೆಲಸದಲ್ಲಿ 29 ಸೆಂಟಿಮೀಟರ್ ಸಣ್ಣದಲ್ಲ. ಸೂತ್ರ ತಪ್ಪಿಲ್ಲ, ಎರಡು ದೊಡ್ಡ ಸಂಖ್ಯೆಗಳನ್ನು ಕಳೆದಾಗ ಬೇಕಾದ ಅಂಕಿಗಳೇ ಕಳೆದುಹೋಗುತ್ತಿವೆ. ಇದಕ್ಕೆ ಸೂತ್ರವನ್ನು ಸ್ವಲ್ಪ ಬೇರೆ ರೀತಿ ಬರೆದುಕೊಳ್ಳಬೇಕು:

ಕ² = (ಅ − ಬ)² + 4 × ಅ × ಬ × (ಸೈನ್ ಅರ್ಧಕೋನ)²

ಇದು ಅದೇ ನಿಯಮ, ಅದೇ ಉತ್ತರ. 1 − ಕಾಸ್ ಅನ್ನುವುದು ಅರ್ಧಕೋನದ ಸೈನ್ ವರ್ಗದ ಎರಡರಷ್ಟು, ಅಷ್ಟೇ ಬಳಸಿದ್ದು. ಇಲ್ಲಿ ದೊಡ್ಡದರಿಂದ ದೊಡ್ಡದನ್ನು ಕಳೆಯುವ ಕೆಲಸ ಇಲ್ಲ, ಎರಡು ಧನ ಪದಗಳನ್ನು ಕೂಡುವುದು ಮಾತ್ರ. ಅ ಮತ್ತು ಬ ಸಮ ಇದ್ದಾಗ ಮೊದಲ ಪದ ಹೋಗುತ್ತದೆ, ಕ ಅಂದರೆ 2 × 1000 × ಸೈನ್ ಅರ್ಧ ಮಿನಿಟ್. ಅರ್ಧ ಮಿನಿಟಿನ ಸೈನ್ 0.000145. ಗುಣಿಸಿದರೆ 0.29 ಮೀಟರ್. ಅವರ ಕಾಲದಲ್ಲಿ ಲಾಗ್ ಟೇಬಲ್ ಹಿಡಿದು ಲೆಕ್ಕ ಮಾಡುವಾಗ ಈ ರೂಪವೇ ಕೈಗೆ ಸುಲಭವಾಗಿ ಬರುತ್ತಿತ್ತು ಅಂತ ಅವರು ಹೇಳಿದರು. ಪ್ರೋಗ್ರಾಂ ಬರೆಯುವ ಮಕ್ಕಳೂ ಇದನ್ನು ಬರೆದುಕೊಳ್ಳಿ. ಕಂಪ್ಯೂಟರಿನಲ್ಲಿ ಅಂಕಿಗಳು ಜಾಸ್ತಿ ಇರುತ್ತವೆ, ಆದರೆ ಕೋನ ಇನ್ನೂ ಸಣ್ಣದಾದರೆ ಅಲ್ಲಿಯೂ ಇದೇ ತೊಂದರೆ ಬರುತ್ತದೆ.